ವ್ಯಾನ್ ಅಣ್ಣ ಕುಡಿಯದ ಕಾಫಿ

ಕಳೆದ ವಾರ ಮಗಳು ಕಾಲೇಜಿಗೆ ಹೊರಡುವ ತಯಾರಿಯಲ್ಲಿ ಗರಾಜಿನಿಂದ ಹಳೆಯ ನೀಲಿ ಸೂಟ್‌ಕೇಸನ್ನು ಎಳೆದು ತಂದಳು. ಅದರ ಒಳಗಿನ ಅಸ್ತರು ಒಂದು ಮೂಲೆಯಲ್ಲಿ ಹರಿದಿತ್ತು. ಆ ಹರಕಿನೊಳಗೆ ಕೈ ಹಾಕಿ ಏನನ್ನೋ ಹೊರತೆಗೆದು, "ವಾಟ್ ಈಸ್ ದಿಸ್ ಅಪ್ಪ?" ಎಂದಳು. ಮಾತ್ರೆಯ ಒಂದು ಸ್ಟ್ರಿಪ್ಪು. ಹತ್ತಕ್ಕೆ ಹತ್ತು ಮಾತ್ರೆಗಳೂ ಹಾಗೇ ಇದ್ದವು, ಇಟ್ಟಿಗೆ ಬಣ್ಣದವು. ಹಿಂಬದಿಯ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು. ಹೆಂಡತಿ ದೂರದಿಂದಲೇ ನೋಡಿ, "ಎಕ್ಸ್‌ಪೈರಿ ಆಗಿರತ್ತೆ, ಎಸೀರಿ" ಎಂದಳು. ನಾನು ಅದನ್ನು ಹಿಡಿದುಕೊಂಡು ಗರಾಜಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನಮ್ಮ ವ್ಯಾನ್ ಅಣ್ಣನ ಮಾತ್ರೆ ಅದು. ಅವರ ಕೈಗೆ ಸೇರದೆ ಉಳಿದದ್ದು...

ಹನ್ನೆರಡು ಹದಿಮೂರು ವರ್ಷಗಳ ಹಿಂದಿನ ಮಾತು. ನಾನೂ ಅವರೂ ಸಿಯಾಟಲ್ ಹತ್ತಿರದ ರೆಡ್‌ಮಂಡಿನ ಎಜುಕೇಶನ್ ಹಿಲ್‌ನಲ್ಲಿದ್ದೆವು, ಎರಡು ಬೀದಿ ಆಚೀಚೆ. ಕೆಲಸ ಎವರೆಟ್ಟಿನ ವಿಮಾನ ಜೋಡಿಸುವ ಕಾರ್ಖಾನೆಯಲ್ಲಿ. ಅವರು ರೆಕ್ಕೆಯ ಭಾಗಗಳನ್ನು ತಪಾಸಣೆ ಮಾಡುವ ವಿಭಾಗದಲ್ಲಿ, ನಾನು ಕಂಪ್ಯೂಟರಿನ ಮುಂದೆ. ಈ ಕಡೆ ವ್ಯಾನ್‌ಪೂಲ್ ಎಂಬ ಒಂದು ಏರ್ಪಾಡು ಉಂಟು. ಒಂದೇ ದಾರಿಯಲ್ಲಿ ಕೆಲಸಕ್ಕೆ ಹೋಗುವ ಏಳೆಂಟು ಜನ ಸೇರಿದರೆ ಸಾರಿಗೆ ಇಲಾಖೆಯವರು ಒಂದು ವ್ಯಾನು ಕೊಡುತ್ತಾರೆ. ಡ್ರೈವರನ್ನು ಮಾತ್ರ ಕೊಡುವುದಿಲ್ಲ. ನಮ್ಮಲ್ಲೇ ಯಾರಾದರೂ ಓಡಿಸಬೇಕು. ಬೆಳಗಿನ ಟ್ರಾಫಿಕ್ಕಿನಲ್ಲಿ ಆ ಉಸಾಬರಿ ಯಾರಿಗೂ ಬೇಡ. ಆದರೆ ಇವರು, ನನಗಿಂತ ಹತ್ತು ವರ್ಷ ಹಿರಿಯರು, ಒಂದು ದಿನವೂ ಸ್ಟಿಯರಿಂಗನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಜ್ವರ ಬಂದರೂ ಅವರೇ. ಎಂಥ ಸೇವಾ ಮನೋಭಾವ ಎಂದು ನಾವೆಲ್ಲ ಹೊಗಳುತ್ತಿದ್ದೆವು. ನಾನು ಇಟ್ಟ ಹೆಸರು ವ್ಯಾನ್ ಅಣ್ಣ. ಹಿಂದಿನ ಸೀಟಿನ ತೆಲುಗಿನವನೂ ಹಾಗೇ ಕರೆಯತೊಡಗಿದ.

ಅವರು ಮಂಗಳೂರಿನ ಕಡೆಯವರು. ಮಾತು ಕಡಿಮೆ, ಮಾತಾಡಿದರೆ ಕೊನೆಗೊಂದು "ಮಾರಾಯ" ಗ್ಯಾರಂಟಿ. ಅವರಿಗಿದ್ದದ್ದು ಒಂದೇ ಚಟ ಎಂದು ನಾವು ತಿಳಿದಿದ್ದೆವು: ಕಾಫಿ. ಲಿನ್‌ವುಡ್ ಹತ್ತಿರ ಬರುತ್ತಿದ್ದಂತೆ ಹೈವೇ ಬಿಟ್ಟು ಕೆಳಗಿಳಿದು ಒಂದು ಕಾಫಿ ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿ ಒಳಗೆ ಹೋಗುತ್ತಿದ್ದರು. ಒಂದೊಂದು ದಿನ ಅದಕ್ಕೂ ಮೊದಲೇ ಬಾತೆಲ್‌ನಲ್ಲಿ ಇನ್ನೊಂದು ಸಲ. "ಮಳ್ಳೀ ಕಾಫಿನಾ ಅಣ್ಣಾ?", ಮತ್ತೆ ಕಾಫಿಯಾ, ಎಂದು ತೆಲುಗಿನವನು ಹಿಂದಿನಿಂದ ರಾಗ ಎಳೆದರೆ ವ್ಯಾನಿನವರೆಲ್ಲ ನಗುವವರೇ. ಹತ್ತು ನಿಮಿಷದ ಮೇಲೆ ಕೈಯಲ್ಲಿ ಲೋಟ ಹಿಡಿದು ಬಂದು, "ನೀನು ಕುಡಿ ಮಾರಾಯ, ನಂಗೆ ಒಳಗೇ ಆಯ್ತು" ಎಂದು ನನ್ನ ಕೈಗೆ ಕೊಡುತ್ತಿದ್ದರು. ಮುಂದಿನ ಸೀಟು ನನ್ನದು. ಎರಡು ವರ್ಷ ನಾನು ಆ ಕಾಫಿಯನ್ನು ಹಾಯಾಗಿ ಕುಡಿದೆ. ಅವರು ಒಂದು ಗುಟುಕು ಕುಡಿದದ್ದನ್ನೂ ನೋಡಿಲ್ಲ ಎಂಬುದು ನನ್ನಂಥ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ನವೆಂಬರಿನ ಒಂದು ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ದಿನ. ಉಳಿದವರೆಲ್ಲ ರಜೆ ಹಾಕಿದ್ದರು, ವ್ಯಾನಿನಲ್ಲಿ ನಾವಿಬ್ಬರೇ. ಲಿನ್‌ವುಡ್ ಇಳಿದಾರಿಗೆ ಇನ್ನು ಅರ್ಧ ಮೈಲಿ ಇರುವಾಗ ಮುಂದೆ ಎಲ್ಲೋ ಅಪಘಾತವಾಗಿ ಎಲ್ಲ ಸಾಲುಗಳೂ ನಿಂತವು. ಎಡಕ್ಕೆ ಟ್ರಕ್ಕು, ಬಲಕ್ಕೆ ಟ್ರಕ್ಕು, ಹಿಂದೆ ಮುಂದೆ ಕೆಂಪು ದೀಪಗಳು. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ನಾನು ಊರಿನ ಯಾವುದೋ ಮಾತು ಹೇಳುತ್ತಿದ್ದೆ. "ಸ್ವಲ್ಪ ಸುಮ್ನಿರು ಮಾರಾಯ" ಎಂದರು. ತಿರುಗಿ ನೋಡಿದರೆ ಆ ಚಳಿಯಲ್ಲೂ ಅವರ ಹಣೆಯಲ್ಲಿ ಬೆವರು. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ್ದರು. ಬಾಗಿಲು ತೆಗೆದು ಇಳಿಯುವ ಹಾಗೂ ಇಲ್ಲ, ಇಳಿದರೂ ಹೋಗುವುದೆಲ್ಲಿಗೆ? ಮುಂದಿನದನ್ನು ಬರೆಯಲು ಮನಸ್ಸಾಗುವುದಿಲ್ಲ. ಐವತ್ತರ ಹತ್ತಿರದ ಒಬ್ಬ ಮರ್ಯಾದಸ್ಥ ಮನುಷ್ಯ ಸೀಟಿನಲ್ಲಿ ಕುಳಿತಲ್ಲೇ ಸೋತುಹೋದರು. ನಾನು ನನ್ನ ಜಾಕೆಟ್ಟನ್ನು ಬಿಚ್ಚಿ ಅವರ ತೊಡೆಯ ಮೇಲೆ ಹಾಕಿದೆ. ಅವರು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

ಅಂದು ಇಬ್ಬರೂ ಕೆಲಸಕ್ಕೆ ಹೋಗಲಿಲ್ಲ. ವ್ಯಾನು ತಿರುಗಿಸಿಕೊಂಡು ಬರುವಾಗ ಅವರಾಗಿಯೇ ಹೇಳಿದರು. ದೊಡ್ಡ ಕರುಳಿನಲ್ಲಿ ಹುಣ್ಣು, ಇಪ್ಪತ್ತೈದನೇ ವಯಸ್ಸಿನಿಂದ. ಊರಿನಲ್ಲಿ ಮೊದಲು ಗ್ರಹಣಿ ಎಂದು ಕಷಾಯ ಕೊಟ್ಟರು, ಆಮೇಲೆ ಮಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಬರೆದರು. ಕೆಲವು ತಿಂಗಳು ಸುಮ್ಮನಿರುತ್ತದೆ, ಮತ್ತೆ ಕೆರಳುತ್ತದೆ. ಕೆರಳಿದಾಗ ರಕ್ತವೂ ಹೋಗುತ್ತದೆ. ದಾರಿಯಲ್ಲಿರುವ ಪ್ರತಿಯೊಂದು ಶೌಚಾಲಯವೂ ಅವರಿಗೆ ಬಾಯಿಪಾಠ. ಎಲ್ಲಿ ನಿಲ್ಲಿಸಬೇಕೆಂಬುದು ಓಡಿಸುವವನ ಕೈಯಲ್ಲಿರುತ್ತದಲ್ಲ, ಅದಕ್ಕೇ ಸ್ಟಿಯರಿಂಗ್ ಬಿಡುತ್ತಿರಲಿಲ್ಲ. ಗಿರಾಕಿಗಳಿಗೆ ಮಾತ್ರ ಶೌಚಾಲಯ ಎಂದು ಅಂಗಡಿಯವನು ಬೋರ್ಡು ಹಾಕಿದ್ದರಿಂದ ಕಾಫಿ. ಕುಡಿದರೆ ಹೊಟ್ಟೆ ಕೆರಳುತ್ತದೆ, ಅದಕ್ಕೇ ನನ್ನ ಕೈಗೆ.

"ಇಲ್ಲಿಯ ಡಾಕ್ಟರಿಗೆ ತೋರಿಸಿದೀರಾ ಅಣ್ಣ?" ಎಂದೆ.

"ಎಂತ ತೋರ್ಸೋದು? ಫಾರ್ಮಲ್ಲಿ ಇಲ್ಲ ಅಂತ ಬರ್ದಾಗಿದೆ."

ಈ ದೇಶಕ್ಕೆ ಬಂದ ಹೊಸತರಲ್ಲಿ ಇನ್ಶೂರೆನ್ಸಿನ ಫಾರಂ ತುಂಬುವಾಗ ಜೊತೆಗಿದ್ದ ಗೆಳೆಯನೊಬ್ಬ, ಹಳೆಯ ಕಾಯಿಲೆ ಇದೆ ಎಂದು ಬರೆದರೆ ಕೆಲಸವೂ ಇಲ್ಲ, ಇನ್ಶೂರೆನ್ಸೂ ಇಲ್ಲ ಎಂದು ಹೆದರಿಸಿದ್ದನಂತೆ. ಇವರು ಎಲ್ಲದಕ್ಕೂ 'ಇಲ್ಲ' ಎಂದು ಗುರುತು ಹಾಕಿ ಸಹಿ ಮಾಡಿದರು. ಅಂದಿನಿಂದ ಅದು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಈಗ ಹೇಳಿದರೆ ಅಂದು ಸುಳ್ಳು ಬರೆದದ್ದು ಹೊರಬೀಳುತ್ತದೆ. ಹಾಗಾಗಿ ಇಲ್ಲಿಯ ಯಾವ ಡಾಕ್ಟರಿಗೂ ಹೇಳಿಲ್ಲ. ಗೊತ್ತಿದ್ದದ್ದು ಹೆಂಡತಿಯೊಬ್ಬರಿಗೆ, ಅವರೂ ಆ ಫಾರಮ್ಮಿಗೆ ಹೆದರಿ ಬಾಯಿ ಬಿಡುವವರಲ್ಲ. ಮಾತ್ರೆಗಳು ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ, ಹಪ್ಪಳ ಸಂಡಿಗೆಗಳ ನಡುವೆ ಬರುತ್ತಿದ್ದವು. ನಮ್ಮವರಲ್ಲಿ ಇದೇನು ಹೊಸದಲ್ಲ. ಯಾರ ಮನೆಯ ಡ್ರಾಯರ್ ಎಳೆದರೂ ಊರಿನ ಒಂದು ಡಬ್ಬಿ ಔಷಧಿ ಸಿಗುತ್ತದೆ.

ಮನೆಯ ಮುಂದೆ ವ್ಯಾನು ನಿಲ್ಲಿಸಿ ಕೈ ಚಾಚಿದರು. "ಯಾರಿಗೂ ಹೇಳೋದಿಲ್ಲ ಅಂತ ಭಾಷೆ ಕೊಡು. ನಿನ್ನ ಅಮ್ಮನ ಮೇಲೆ ಆಣೆ ಮಾಡು."

ತುಮಕೂರಿನಲ್ಲಿ ಅಮ್ಮನಿಗೆ ಆ ವರ್ಷವಷ್ಟೇ ಹೃದಯದ ತೊಂದರೆ ಶುರುವಾಗಿತ್ತು. ಆದರೂ ಆ ಮುಖ ನೋಡಿ ಬೇಡವೆನ್ನಲಾಗಲಿಲ್ಲ. ಕೈಯ ಮೇಲೆ ಕೈ ಇಟ್ಟೆ. ಮುಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವರ ಮಾತ್ರೆಗಳನ್ನು ತಂದುಕೊಟ್ಟವನೂ ನಾನೇ. ಅವರ ತಮ್ಮ ಮಂಗಳೂರಿನಿಂದ ಬಸ್ ಪಾರ್ಸೆಲ್ಲಿನಲ್ಲಿ ತುಮಕೂರಿಗೆ ಕಳಿಸಿದ್ದ.

ಅದಾಗಿ ಒಂದೂವರೆ ವರ್ಷಕ್ಕೆ ಕೆಮ್ಮು ಶುರುವಾಯಿತು. ಒಣ ಕೆಮ್ಮು, ಬಿಡದೆ ಕೆಮ್ಮುವುದು. ಮಳೆಗಾಲದ ಕೆಮ್ಮು ಎಂದರು; ಬೇಸಿಗೆ ಬಂದರೂ ಹೋಗಲಿಲ್ಲ. ಎಜುಕೇಶನ್ ಹಿಲ್‌ನ ಏರು ಹತ್ತುವಾಗ ಎರಡು ಸಲ ನಿಲ್ಲುವವರು ನಾಲ್ಕು ಸಲ ನಿಲ್ಲತೊಡಗಿದರು. ಸ್ಕ್ಯಾನ್ ಮಾಡಿಸಿದರೆ ಶ್ವಾಸಕೋಶದಲ್ಲಿ ಕಲೆ ಕಟ್ಟುತ್ತಿದೆ, ಗಾಯ ಒಣಗಿದ ಮೇಲೆ ಚರ್ಮ ಗಡುಸಾಗುತ್ತದಲ್ಲ ಹಾಗೆ, ಎಂದರಂತೆ. ಕಾರ್ಖಾನೆಯ ಧೂಳೇ ಇರಬೇಕು ಎಂದು ವ್ಯಾನಿನಲ್ಲಿ ಎಲ್ಲರೂ ತೀರ್ಪು ಕೊಟ್ಟೆವು.

ಶ್ವಾಸಕೋಶದ ತಜ್ಞರನ್ನು ನೋಡುವ ದಿನ ಅಣ್ಣ ನನಗೆ ಫೋನ್ ಮಾಡಿ, "ನೀನು ಜೊತೆಗೆ ಬಾ" ಎಂದರು. ಅತ್ತಿಗೆ, ಎಂದರೆ ಅವರ ಹೆಂಡತಿ, ಹೊರಡಲು ಸಿದ್ಧವಾಗಿ ನಿಂತಿದ್ದರೂ ಅವರನ್ನು ಮನೆಯಲ್ಲೇ ಬಿಟ್ಟು ನನ್ನನ್ನು ಕರೆದುಕೊಂಡು ಹೋದರು. ನಾನು ಹೊರಗೆ ಕೂರುತ್ತೇನೆಂದರೆ ಒಳಗೂ ಕರೆದರು. ನನಗೆ ಆಶ್ಚರ್ಯ. ಅವರ ಇಂಗ್ಲಿಷ್ ನನಗಿಂತ ಚೆನ್ನಾಗಿತ್ತು, ದುಭಾಷಿಯ ಕೆಲಸವೇನೂ ಇರಲಿಲ್ಲ. ಹೆದರಿಕೆಗೆ ಜೊತೆ ಇರಲಿ ಎಂದು ಕರೆದಿರಬೇಕು ಎಂದುಕೊಂಡೆ.

ಡಾಕ್ಟರು ಸಮಾಧಾನದ ಹೆಂಗಸು. ಪ್ರಶ್ನೆಗಳೋ ನೂರೆಂಟು. ಪಾರಿವಾಳ ಸಾಕಿದ್ದೀರಾ? ಪುಕ್ಕದ ದಿಂಬು ಇದೆಯೇ? ಮನೆಯಲ್ಲಿ ಬೂಷ್ಟು? ಕೀಲುನೋವು? ಎಲ್ಲದಕ್ಕೂ ಇಲ್ಲ. ಕೊನೆಗೆ, ಹೊಟ್ಟೆಯ ಕಾಯಿಲೆ ಏನಾದರೂ? ದಿನವೂ ತೆಗೆದುಕೊಳ್ಳುವ ಮಾತ್ರೆ? ಅಣ್ಣ "ನೋ" ಎಂದರು. ಹೇಳಿ ನನ್ನ ಕಡೆ ನೋಡಿದರು. ಡಾಕ್ಟರೂ ನೋಡಿದರು. ನಾನು ಗೋಡೆಯ ಮೇಲಿನ ಚಿತ್ರ ನೋಡಿದೆ. ಆಣೆ ನೆನಪಾಯಿತು, ಆಪರೇಷನ್ನಿಗೆ ದಿನ ನೋಡುತ್ತಿದ್ದ ಅಮ್ಮ ನೆನಪಾದಳು. ಕೆಮ್ಮಿಗೂ ಕಕ್ಕಸಿಗೂ ಎಲ್ಲಿಯ ಸಂಬಂಧ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಂಜಿನಿಯರಿಂಗ್ ಓದಿದವನ ಬುದ್ಧಿ ಇಷ್ಟು!

ಎಂಟು ತಿಂಗಳು ಹೀಗೇ ಹೋಯಿತು. ಕಾರಣ ತಿಳಿಯದ ಕಲೆ ಎಂದು ಬರೆದರು. ಕೆಮ್ಮಿಗೆ ಏನೇನೋ ಕೊಟ್ಟರು. ಮನೆಗೆ ಆಮ್ಲಜನಕದ ಯಂತ್ರ ಬಂತು, ಅದರಿಂದ ಹೊರಟ ಉದ್ದನೆಯ ನಳಿಕೆ ಅವರ ಮೂಗಿಗೆ. ವ್ಯಾನಿನ ಸ್ಟಿಯರಿಂಗ್ ತೆಲುಗಿನವನ ಕೈಗೆ ಹೋಯಿತು. ಅವನು ಎಲ್ಲೂ ನಿಲ್ಲಿಸುತ್ತಿರಲಿಲ್ಲ. ದಿನವೂ ಕಾಲು ಗಂಟೆ ಮೊದಲೇ ತಲುಪುತ್ತಿದ್ದೆವು, ಎಲ್ಲರಿಗೂ ಸಂತೋಷ. ನಾನು ಸಂಜೆ ಹೋಗಿ ನೋಡಿದರೆ ಅಣ್ಣ ಸೋಫಾದ ತುದಿಯಲ್ಲಿ ಕುಳಿತಿರುತ್ತಿದ್ದರು. ಮೊದಲು ಹೊಟ್ಟೆ ಅವರನ್ನು ಶೌಚಾಲಯದಿಂದ ದೂರ ಹೋಗಲು ಬಿಡುತ್ತಿರಲಿಲ್ಲ. ಈಗ ಎದೆ ಯಂತ್ರದಿಂದ ದೂರ ಹೋಗಲು ಬಿಡುತ್ತಿರಲಿಲ್ಲ. ನಳಿಕೆ ಶೌಚಾಲಯದವರೆಗೆ ಬರುತ್ತಿತ್ತು, ಅಡುಗೆಮನೆಯ ಕಿಟಕಿಯವರೆಗೆ ಬರುತ್ತಿತ್ತು, ಮುಂಬಾಗಿಲ ಮೆಟ್ಟಿಲಿಗೆ ಎಟುಕುತ್ತಿರಲಿಲ್ಲ. "ಕಟ್ಟಿದ ದನದ ಹಾಗೆ ಆಯ್ತು ಮಾರಾಯ" ಎಂದು ನಗುತ್ತಿದ್ದರು. ನಗು ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ಅಮ್ಮನ ಆಪರೇಷನ್ನಿಗೆಂದು ನಾನು ಊರಿಗೆ ಹೊರಟಾಗ ಮೆಲ್ಲಗೆ ಹೇಳಿದರು, "ತಮ್ಮ ಪಾರ್ಸೆಲ್ ಕಳ್ಸ್ತಾನೆ. ತರ್ಲಿಕ್ಕೆ ಆಗ್ತದಾ?" ಆಗಲ್ಲ ಎಂದು ಹೇಗೆ ಹೇಳಲಿ? ಆಪರೇಷನ್ ಸಲೀಸಾಗಿ ಮುಗಿಯಿತು. ವಾಪಸು ಬರುವಾಗ ಹೋದ ಸಲ ತಂದಂತೆಯೇ ಮಾತ್ರೆಗಳು ಅರ್ಧ ನೀಲಿ ಸೂಟ್‌ಕೇಸಿನಲ್ಲಿ, ಅರ್ಧ ಕೈಚೀಲದಲ್ಲಿದ್ದವು. ಕಸ್ಟಮ್ಸಿನವರು ಇದೇನೆಂದು ಕೇಳಿದರೆ ಉತ್ತರ ಬೇಕಲ್ಲ ಎಂದು ಒಂದು ಡಬ್ಬಿ ಬಿಚ್ಚಿ ಒಳಗೆ ಮಡಚಿಟ್ಟ ಕಾಗದ ತೆಗೆದೆ. ಇರುವೆ ಸಾಲಿನಂಥ ಅಕ್ಷರಗಳು. ಅಡ್ಡ ಪರಿಣಾಮಗಳ ಪಟ್ಟಿಯ ಕೊನೆಯ ಕಡೆ, ಅಪರೂಪಕ್ಕೆ ಎಂಬ ಮಾತಿನ ಕೆಳಗೆ: ಶ್ವಾಸಕೋಶದ ಉರಿಯೂತ, ಒಣ ಕೆಮ್ಮು, ಉಸಿರಾಟದ ತೊಂದರೆ.

ವಿಮಾನದ ನಡುವಿನ ಸೀಟು. ಒಂದು ಪಕ್ಕದವನು ಗೊರಕೆ ಹೊಡೆಯುತ್ತಿದ್ದ, ಇನ್ನೊಂದು ಪಕ್ಕದ ಹೆಂಗಸಿನ ಮಡಿಲಲ್ಲಿ ಮಗು ಮಲಗಿತ್ತು. ಸಿಯಾಟಲ್‌ಗೆ ಇನ್ನೂ ಹನ್ನೊಂದು ಗಂಟೆ. ಎದ್ದು ಓಡಾಡುವಂತಿಲ್ಲ, ಫೋನ್ ಮಾಡುವಂತಿಲ್ಲ. ಕಾಲ ಬಳಿ ಆ ಡಬ್ಬಿಗಳು. ನಾನೇ ಹೊತ್ತು ತಂದದ್ದು, ಒಮ್ಮೆಯಲ್ಲ, ಎರಡು ಸಲ. ಅಳು ಬಂತು, ಅಳುವುದಕ್ಕೂ ಜಾಗವಿರಲಿಲ್ಲ.

ಇಳಿದ ತಕ್ಷಣ ಅವರ ಮನೆಗೆ ಹೋದೆ. ಕಾಗದ ತೋರಿಸಿದೆ. ಓದಿದರು. ಮಡಚಿ ಹಿಂದಕ್ಕೆ ಕೊಟ್ಟರು. "ಇಪ್ಪತ್ತು ವರ್ಷ ತಿಂದಿದ್ದೇನೆ, ಎಂತ ಆಗ್ಲಿಲ್ಲ. ಆಣೆ ನೆನಪುಂಟಲ್ಲ?" ಎಂದರು. ನಾನು ಮಾತ್ರೆಗಳನ್ನು ಕೊಡದೆ ಎದ್ದು ಬಂದೆ. ಮನೆಗೆ ಬಂದು ಎಲ್ಲವನ್ನೂ ಕಸಕ್ಕೆ ಹಾಕಿದೆ, ಒಂದೇ ಒಂದು ಡಬ್ಬಿ ಬಿಟ್ಟು. ಸೂಟ್‌ಕೇಸಿನ ಅಸ್ತರಿನೊಳಗೆ ಜಾರಿದ್ದ ಸ್ಟ್ರಿಪ್ಪು ಅಂದು ಕಣ್ಣಿಗೆ ಬೀಳಲಿಲ್ಲ. ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಎದೆಯ ಹೊಲಿಗೆ ಇನ್ನೂ ಒಣಗದ ಹೆಂಗಸಿಗೆ ಅವಳ ಮೇಲೇ ಆಣೆ ಹಾಕಿದ ಕಥೆ ಹೇಳುವುದೆಂದರೆ... ಹೇಳಿದೆ.

"ಅಯ್ಯೋ ಮಂಕೇ," ಎಂದಳು ಅಮ್ಮ, "ಆಣೆ ಇಟ್ಟಿದ್ದು ನನ್ ಮೇಲೆ ತಾನೆ? ನಾನೇ ಬಿಡಿಸಿದೀನಿ, ಹೋಗು. ಒಂದು ಜೀವ ಹೋಗೋವಾಗ ಬಾಯಿ ಮುಚ್ಕೊಂಡು ಕೂತ್ರೆ ಆ ಪಾಪ ನಂಗೆ ಸುತ್ಕೊಳಲ್ವೇನೋ?"

ಆ ವಾರವೇ ಡಾಕ್ಟರ ಭೇಟಿ ಇತ್ತು. ಈ ಸಲ ಅವರು ಕರೆಯಲಿಲ್ಲ, ನಾನೇ ಹೋಗಿ ಕಾರಿನಲ್ಲಿ ಕೂರಿಸಿಕೊಂಡೆ. ಒಳಗೆ ಡಾಕ್ಟರು ಬಂದು ಕುಳಿತ ಕೂಡಲೇ ಡಬ್ಬಿಯನ್ನು ಅವರ ಮುಂದೆ ಇಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಹುಣ್ಣು, ಮಾತ್ರೆ, ಫಾರಂ, ಎಲ್ಲ. ಅಣ್ಣ ನನ್ನತ್ತ ನೋಡಲಿಲ್ಲ. ಡಾಕ್ಟರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈಯಲಿಲ್ಲ. ತಾಯಿಯ ಗರ್ಭದಲ್ಲಿ ಕರುಳೂ ಶ್ವಾಸಕೋಶವೂ ಒಂದೇ ಕೊಳವೆಯಿಂದ ಮೊಳೆಯುತ್ತವೆ, ಒಂದರ ಬೇನೆ ಕೆಲವರಲ್ಲಿ ಇನ್ನೊಂದಕ್ಕೂ ತಗಲುತ್ತದೆ ಎಂದು ವಿವರಿಸಿದರು. ಇದು ಕರುಳಿನ ಕಾಯಿಲೆಯೇ ಎದೆಗೆ ಏರಿದ್ದೋ, ಮಾತ್ರೆಯಿಂದ ಆದದ್ದೋ, ಎರಡೂ ಸೇರಿದ್ದೋ, ಖಚಿತವಾಗಿ ಹೇಳಲಾರೆ ಎಂದರು. ಮಾತ್ರೆ ಬದಲಿಸೋಣ, ಉರಿಯೂತಕ್ಕೆ ಸ್ಟೀರಾಯ್ಡ್ ಕೊಡೋಣ. ಊತವಿರುವ ಕಡೆ ಇಳಿಯಬಹುದು, ಕಲೆ ಕಟ್ಟಿದ ಕಡೆ ಏನೂ ಮಾಡಲಾಗುವುದಿಲ್ಲ. ಮೊದಲ ಭೇಟಿಯಲ್ಲೇ ತಿಳಿದಿದ್ದರೆ ಇಳಿಸಬಹುದಿತ್ತು, ಆಗ ಊತವೇ ಹೆಚ್ಚಿತ್ತು ಎಂದು ಹಳೆಯ ಸ್ಕ್ಯಾನ್ ತೋರಿಸಿದರು. ಹೊಸದನ್ನೂ ಪಕ್ಕದಲ್ಲಿಟ್ಟು ತೋರಿಸಿದರು. ನೋಡದಿದ್ದರೆ ಚೆನ್ನಾಗಿತ್ತು.

ಇನ್ಶೂರೆನ್ಸಿನವರು ಏನೂ ಕೇಳಲಿಲ್ಲ. ಹಳೆಯ ಕಾಯಿಲೆ ಎಂದು ತಳ್ಳಿಹಾಕುವ ಕಾನೂನೇ ಆ ಹೊತ್ತಿಗೆ ಬದಲಾಗಿತ್ತಂತೆ. ಆ ಫಾರಮ್ಮನ್ನು ಯಾರೂ ಹುಡುಕಲಿಲ್ಲ, ಯಾರೂ ಓದಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಕದಿಯದ ಆ ಬಡಪಾಯಿ ಹದಿನೈದು ವರ್ಷ ಒಂದು ಗುರುತಿಗೆ ಹೆದರಿ ಕುಳಿತಿದ್ದರು.

ಅಂದು ಮನೆಗೆ ಬಿಟ್ಟಾಗ ಕಾರಿನಿಂದಿಳಿದು ಹಿಂದೆ ನೋಡದೆ ಒಳಗೆ ಹೋದರು. ಆಮೇಲೆ ಫೋನ್ ಎತ್ತಲಿಲ್ಲ. ನಾನು ಹೋದರೆ ಕಣ್ಣು ಮುಚ್ಚಿ ಮಲಗಿರುತ್ತಿದ್ದರು. "ಅವ್ರಿಗೆ ನಿದ್ದೆ, ಇನ್ನೊಮ್ಮೆ ಬನ್ನಿ ಆಯ್ತಾ" ಎಂದು ಅತ್ತಿಗೆ ಸಂಕೋಚದಿಂದ ಹೇಳುತ್ತಿದ್ದರು. ಹೊಸ ಔಷಧಿಯಲ್ಲಿ ಕೆಮ್ಮು ತುಸು ಇಳಿಯಿತು, ಹೊಟ್ಟೆಯೂ ಶಾಂತವಾಯಿತು. ಉಸಿರು ಮಾತ್ರ ಹಿಂದಿರುಗಲಿಲ್ಲ. ಆಣೆ ಮುರಿದದ್ದಕ್ಕೆ ಸಿಟ್ಟು ಎಂದು ನಾನು ತಿಳಿದೆ. ನನಗೂ ಒಳಗೊಳಗೇ ಸಿಟ್ಟಿತ್ತು. ಪ್ರಾಣ ಉಳಿಸಲು ಹೋದವನಿಗೆ ಇದೇನಾ ಬಹುಮಾನ ಎಂದುಕೊಳ್ಳುತ್ತಿದ್ದೆ. ಹೋಗುವುದನ್ನು ಕಡಿಮೆ ಮಾಡಿದೆ.

ಒಂದು ವರ್ಷ ಕಳೆದಿರಬೇಕು. ಒಂದು ಭಾನುವಾರ ಅತ್ತಿಗೆ ಫೋನ್ ಮಾಡಿ, "ನಿಮ್ಮನ್ನು ಕೇಳ್ತಾ ಇದ್ದಾರೆ, ಬನ್ನಿ" ಎಂದರು. ಹೋದೆ. ಮೈ ಅರ್ಧವಾಗಿತ್ತು. ಒಂದು ವಾಕ್ಯಕ್ಕೆ ಮೂರು ಸಲ ನಿಲ್ಲಬೇಕಿತ್ತು. ಪಕ್ಕದ ಕುರ್ಚಿ ತೋರಿಸಿದರು. ನಾನು ಕೂತ ಕೂಡಲೇ, "ಆಣೆ ಮುರಿದದ್ದು ತಪ್ಪಾಯ್ತು ಅಣ್ಣ, ಕ್ಷಮಿಸಿ" ಎಂದೆ.

ಅವರು ಇಲ್ಲವೆಂದು ತಲೆಯಾಡಿಸಿದರು. "ಹೇಳಿದ್ದಕ್ಕೆ ಸಿಟ್ಟಲ್ಲ ಮಾರಾಯ..." ಎಂದರು. ಉಸಿರು ತೆಗೆದುಕೊಂಡರು. "ಮೊದಲ ದಿನ... ಯಾಕೆ ಹೇಳ್ಲಿಲ್ಲ?"

ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

"ನನ್ನ ಬಾಯಲ್ಲಿ ಬರ್ತಿರ್ಲಿಲ್ಲ. ಅದಕ್ಕೇ ಅಲ್ವಾ... ನಿನ್ನನ್ನು ಒಳಗೆ ಕರ್ಕೊಂಡು ಹೋದದ್ದು?"

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಯಂತ್ರ ಗುಂಯ್‌ಗುಟ್ಟುತ್ತಿತ್ತು. ನಾನು ಅಣ್ಣನ ಕೈ ಹಿಡಿದು ಕೂತೆ. ಬಿಡಿಸಿಕೊಳ್ಳಲಿಲ್ಲ. ಆ ತಿಂಗಳ ಕೊನೆಗೆ ಹೋಗಿಬಿಟ್ಟರು.

ಈಗ ನಾನು ಎವರೆಟ್ಟಿಗೆ ಹೋಗುವುದಿಲ್ಲ. ಲಿನ್‌ವುಡ್‌ಗೆ ರೈಲು ಬಂದಿದೆ, ಅದರಲ್ಲಿ ಕುಳಿತು ಸಿಯಾಟಲ್ಲಿನ ಬೇರೊಂದು ಕೆಲಸಕ್ಕೆ ಹೋಗುತ್ತೇನೆ. ನಮ್ಮವರು ಯಾರಾದರೂ ಆಸ್ಪತ್ರೆಗೆ ಜೊತೆಗೆ ಬನ್ನಿ ಎಂದು ಕರೆದರೆ ಇಲ್ಲವೆನ್ನುವುದಿಲ್ಲ. ಆದರೆ ಕಾರು ಹೊರಡುವ ಮೊದಲೇ ಕೇಳುತ್ತೇನೆ: ನೀವು ಹೇಳಲಾಗದ್ದು ಏನಿದೆ, ನಾನು ಏನು ಹೇಳಲಿ? ಕೆಲವರು ನಗುತ್ತಾರೆ. ಇವನದೊಂದು ಅಧಿಕಪ್ರಸಂಗ ಎಂದು ಬೇಸರಪಟ್ಟವರೂ ಇದ್ದಾರೆ. ಮೊನ್ನೆ ಹಿರಿಯರೊಬ್ಬರು ಮಾತ್ರ ನಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳತೊಡಗಿದರು. ನಾನು ಇಂಜಿನ್ ಆಫ್ ಮಾಡಿ ಕೇಳಿದೆ. ಕೇಳುತ್ತಾ ಕೇಳುತ್ತಾ ನನ್ನ ಕಣ್ಣು ತುಂಬಿದ್ದನ್ನು ನೋಡಿ ಅವರಿಗೆ ಗಾಬರಿಯಾಯಿತು. "ಅಷ್ಟೊಂದು ಸೀರಿಯಸ್ಸಾ ನನ್ನ ಕಾಯಿಲೆ?" ಎಂದರು. ಇಲ್ಲ ಸಾರ್, ಅದಕ್ಕಲ್ಲ ಎಂದೆ. ಅವರದೇನೂ ದೊಡ್ಡ ಕಾಯಿಲೆಯಲ್ಲ, ವಾಸಿಯಾಗುತ್ತದೆ. ಅದನ್ನು ಕೇಳಿಸಿಕೊಳ್ಳಲು ನಾನು ತೆಗೆದುಕೊಂಡದ್ದು ಹತ್ತೇ ನಿಮಿಷ.